ಬಾಗಿಲು ಮುಚ್ಚಿದರೂ ಬಂದ ಗಾಳಿ

ನಿರ್ವಾತ ಕೋಣೆಯ ಬಾಗಿಲು ಭದ್ರವಾಗಿ ಮುಚ್ಚಿತ್ತು. ಒಳಗೆ ಕಣಗಳನ್ನು ಚಿಮ್ಮಿಸುವ ಯಂತ್ರವನ್ನು ನಿಲ್ಲಿಸಿದ್ದೆವು. ನಮ್ಮ ಉಪಕರಣದ ಬಾಯಿಗೆ ಲೋಹದ ಮುಚ್ಚಳವನ್ನೂ ಹಾಕಿದ್ದೆವು. ಅಷ್ಟಾದರೂ ಕಂಪ್ಯೂಟರಿನ ಪರದೆಯ ಮೇಲೆ ಏರುತ್ತಿದ್ದ ಗೆರೆ ಮಾತ್ರ ಒಳಗೆ ಗಾಳಿ ಬೀಸುತ್ತಿದೆ ಎಂದು ಹೇಳುತ್ತಿತ್ತು. ಆ ಗೆರೆಯನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಬರೆಯಲು ಕೂತಾಗಲೂ ಉರಿಯುತ್ತಿದೆ, ಆದರೆ ಈಗಿನ ಉರಿ ಗೆರೆಯ ಮೇಲಲ್ಲ.

ಗಾಳಿ ಎಂದರೆ ನಾವು ಉಸಿರಾಡುವ ಗಾಳಿಯಲ್ಲ, ಸೌರಮಾರುತ. ಸೂರ್ಯನಿಂದ ಎಲ್ಲ ದಿಕ್ಕಿಗೂ ವಿದ್ಯುತ್ ತುಂಬಿದ ಕಣಗಳು ಸದಾ ಹೊಮ್ಮುತ್ತಿರುತ್ತವೆ. ದೂರ ಹೋದಂತೆ ಅವು ತೆಳುವಾಗುತ್ತವೆ. ಅಡುಗೆಮನೆಯ ಸಿಂಕಿನಲ್ಲಿ ನಲ್ಲಿ ಬಿಟ್ಟು ನೋಡಿ. ನೀರು ಬಿದ್ದ ಜಾಗದಿಂದ ತೆಳ್ಳಗೆ, ವೇಗವಾಗಿ ಹರಡುತ್ತದೆ, ಒಂದಷ್ಟು ದೂರ ಹೋದ ಮೇಲೆ ಬಳೆಯ ಆಕಾರದಲ್ಲಿ ಉಬ್ಬಿ ನಿಧಾನವಾಗುತ್ತದೆ. ಸೂರ್ಯನ ಗಾಳಿಗೂ ಎಲ್ಲ ಗ್ರಹಗಳ ಆಚೆ, ಬಹಳ ದೂರದಲ್ಲಿ, ಅಂಥದ್ದೊಂದು ಬಳೆ ಇದೆ. ಹಳೆಯ ಎರಡು ನೌಕೆಗಳು ಅದನ್ನು ದಾಟಿವೆ. ಒಂದರಲ್ಲಿ ಗಾಳಿ ಅಳೆಯುವ ಉಪಕರಣ ಅಲ್ಲಿಗೆ ತಲುಪುವ ಎಷ್ಟೋ ಮೊದಲೇ ಕೆಟ್ಟಿತ್ತು. ಹಾಗಾಗಿ ಆ ಅಂಚಿನಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ನೇರ ಸಾಕ್ಷಿ ಬಹಳ ಕಡಿಮೆ.

ಆ ಅಂಚಿಗೆ ಮತ್ತೊಂದು ನೌಕೆ ಕಳಿಸುವ ಯೋಚನೆ ಹೊರದೇಶದವರದ್ದು. ಅದರಲ್ಲಿ ಕೂರಿಸಬಹುದಾದ ಉಪಕರಣವೊಂದನ್ನು ಮಾಡಿ ತೋರಿಸುವ ಕೆಲಸ ಜಾಲಹಳ್ಳಿಯ ಹತ್ತಿರವಿರುವ ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು. ನೋಡಲು ಅದು ಜಾಲರಿ ಹೊದಿಸಿದ ಲೋಹದ ಬಟ್ಟಲು. ನಾವು ಕರೆಯುತ್ತಿದ್ದುದೂ ಬಟ್ಟಲು ಎಂದೇ. ಜಾಲರಿಗೆ ವೋಲ್ಟೇಜನ್ನು ಹಂತಹಂತವಾಗಿ ಏರಿಸಿದರೆ ನಿಧಾನದ ಕಣಗಳು ಹಿಂದಿರುಗುತ್ತವೆ, ವೇಗದವು ಒಳಗೆ ನುಗ್ಗಿ ತಟ್ಟೆಗೆ ಬಡಿಯುತ್ತವೆ. ಬಡಿದಾಗ ಹುಟ್ಟುವ ವಿದ್ಯುತ್ತನ್ನು ಅಳೆದರೆ ಗಾಳಿಯ ವೇಗ, ಸಾಂದ್ರತೆ ಎಲ್ಲ ತಿಳಿಯುತ್ತದೆ. ಭೂಮಿಯ ಹತ್ತಿರ ಇದು ಅಂಥ ಕಷ್ಟವಲ್ಲ. ಅಂಚಿನಲ್ಲಿ ಸಿಗುವ ವಿದ್ಯುತ್ತು ಎಷ್ಟೆಂದರೆ, ಮನೆಯ ಎಲ್‌ಇಡಿ ಬಲ್ಬಿಗೆ ಹರಿಯುವುದನ್ನು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದಷ್ಟು. ಅಷ್ಟನ್ನು ಕೇಳಿಸಿಕೊಳ್ಳುವ ಆಂಪ್ಲಿಫೈಯರ್ ನಮ್ಮಲ್ಲಿತ್ತು. ಮಾಡಿದವಳು ಗದಗಿನ ಕಡೆಯ ಒಬ್ಬ ಇಂಜಿನಿಯರ್. ವರ್ಷ ವರ್ಷಕ್ಕೆ ನವೀಕರಿಸುವ ಗುತ್ತಿಗೆಯ ಮೇಲೆ ಇದ್ದವಳು. ಬೆಸುಗೆಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಬಟ್ಟಲು ನನ್ನ ಜವಾಬ್ದಾರಿ, ಆಂಪ್ಲಿಫೈಯರ್ ಪೆಟ್ಟಿಗೆ ಅವಳದು.

ದಸರೆಗೆ ಮುಂಚೆ ಎಲ್ಲವೂ ಸರಿಯಿತ್ತು. ಬಾಯಿ ಮುಚ್ಚಿದರೆ ಗೆರೆ ಸೊನ್ನೆಗೆ ಅಂಟಿಕೊಳ್ಳುತ್ತಿತ್ತು. ಹಬ್ಬಕ್ಕೆ ಅವಳು ಊರಿಗೆ ಹೋದಳು. ಹೋಗುವ ಮುಂಚೆ ಪೆಟ್ಟಿಗೆಯೊಳಗೆ ಒಂದು ಬೆಸುಗೆಯನ್ನು ಬದಲಿಸಿ, ಪರೀಕ್ಷಿಸಿ, ಮುಚ್ಚಳ ಬಿಗಿದು ಹೋಗಿದ್ದಳು. ವಾಪಸು ಬರುವಾಗ ಎಲ್ಲರಿಗೂ ಬನ್ನಿ ಎಲೆ ತಂದು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಮೇಡಂ" ಎಂದು ನನ್ನ ಕೈಗೂ ಕೊಟ್ಟಳು. ಅದೇ ದಿನ ಬಟ್ಟಲಿನ ಬಾಯಿ ಮುಚ್ಚಿ ಉಪಕರಣ ಚಾಲೂ ಮಾಡಿದೆವು. ಗೆರೆ ಸೊನ್ನೆಯಲ್ಲಿ ನಿಲ್ಲಲಿಲ್ಲ. ವೋಲ್ಟೇಜ್ ಏರಿದಂತೆ ಅದೂ ಏರುತ್ತಿತ್ತು.

ಮೊದಲ ಅನುಮಾನ ಪಕ್ಕದ ಸೈಟಿನ ಮೇಲೆ ಹೋಯಿತು. ಹಬ್ಬದ ರಜೆಯಲ್ಲೇ ಅಲ್ಲೊಂದು ಅಪಾರ್ಟ್‌ಮೆಂಟಿಗೆ ಪಾಯ ಕೊರೆಯಲು ಶುರು ಮಾಡಿದ್ದರು. ಬಟ್ಟಲಿನ ಜಾಲರಿ ಅದುರಿದರೂ ಸುಳ್ಳು ವಿದ್ಯುತ್ತು ಹುಟ್ಟುತ್ತದೆ. ನಾನು ಹೆಲ್ಮೆಟ್ಟೂ ಇಲ್ಲದೆ ನುಗ್ಗಿ ಜಾಗದ ಮಾಲೀಕನೊಂದಿಗೆ ಜಗಳಕ್ಕೆ ನಿಂತೆ. ಆತ ಆ ಕಡೆಯ ಹಳೇ ಊರಿನವನು, ಅಪ್ಪನ ಕಾಲದ ರಾಗಿ ಹೊಲದಲ್ಲೇ ಈಗ ಬಿಲ್ಡಿಂಗ್ ಏಳಿಸುತ್ತಿದ್ದ.

"ಏನಮ್ಮಾ, ಸೂರ್ಯನ್ ಗಾಳಿಗೂ ನನ್ ಬೋರಿಗೂ ಏನ್ ಸಂಬಂಧ? ಇಂಗೆ ಬಂದು ಕೂಗಾಡಿದ್ರೆ ಎಂಗೆ?" ಎಂದ. ಆಮೇಲೆ ಅವನಿಗೇ ಕುತೂಹಲ ಹುಟ್ಟಿರಬೇಕು, ಅರ್ಧ ದಿನ ಕೆಲಸ ನಿಲ್ಲಿಸಿದ. ಗೆರೆ ಅಲ್ಲಾಡಲಿಲ್ಲ. ಅವನಿಗೆ ಕ್ಷಮೆ ಕೇಳಿ ಬಂದೆ.

ಹತ್ತಿರದ ವಾಯುಪಡೆ ನೆಲೆಯ ವಿಮಾನಗಳು ಹಾರದ ವೇಳೆಯಲ್ಲಿ ಅಳೆದೆವು. ಕೇಬಲ್ಲುಗಳನ್ನು ಬದಲಿಸಿದೆವು. ನಿರ್ವಾತ ಕೋಣೆ ನೋಡಿಕೊಳ್ಳುವ ತಂತ್ರಜ್ಞ ನೆಲಕ್ಕಿಳಿಸುವ ಅರ್ತಿಂಗ್ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ. ಕೊನೆಗೆ ಬಟ್ಟಲನ್ನೇ ಬಿಡಿಸಿ, ಪೆಟ್ಟಿಗೆಯನ್ನು ಮಾತ್ರ ಉಳಿಸಿ ನೋಡಿದೆ. ಗೆರೆ ಹಾಗೆಯೇ ಇತ್ತು. ಅಂದರೆ ದೋಷ ಪೆಟ್ಟಿಗೆಯಲ್ಲಿ. ಆ ಮಾತನ್ನು ಗದಗಿನವಳಿಗೆ ನಾನೇ ಹೇಳಬೇಕಾಯಿತು.

ಅವಳ ಮುಖ ಇಳಿದುಹೋಯಿತು. "ನಾ ಬದ್ಲಿ ಮಾಡಿದ ಬೆಸುಗಿ ಭೂತಗನ್ನಡಿ ಹಿಡ್ಕೊಂಡು ಎರಡ್ ಸಲ ನೋಡೇನ್ರಿ ಮೇಡಂ. ಛಲೋ ಕುಂತದ. ತಪ್ಪಿದ್ರ ನಾನಽ ಒಪ್ಕೊಂತಿದ್ದೆ" ಎಂದಳು.

ಮುಖ್ಯಸ್ಥರಿಗೆ ಅಷ್ಟು ಸಾಕಾಗಿತ್ತು. ನಮ್ಮ ಪ್ರಯೋಗಾಲಯದ ಮುಖ್ಯಸ್ಥರ ಬಗ್ಗೆ ಒಂದು ಮಾತು ಹೇಳಬೇಕು. ಕೆಲಸ ಗೊತ್ತಿಲ್ಲದವರಲ್ಲ. ಒಂದು ಕಾಲದಲ್ಲಿ ತಾವೇ ಕೈಯಾರೆ ಉಪಕರಣ ಮಾಡಿದವರು. ಈಗ ಅವರ ಪ್ರೀತಿಯೆಲ್ಲ ಫೋಟೋ ಮತ್ತು ವೇದಿಕೆಗಳ ಮೇಲಿತ್ತು.

"ನೋಡಿ ಮೇಡಂ, ಬಾಗಿಲು ಮುಚ್ಚಿದ್ರೂ ಕರೆಂಟ್ ಬರ್ತಿದೆ ಅಂದ್ರೆ ಡಿಸೈನೇ ಸರಿ ಇಲ್ಲ. ಆ ಅಂಚಿನ ರೇಂಜ್ ಬಿಟ್ಬಿಡೋಣ. ದೊಡ್ಡ ಕರೆಂಟ್ ಅಳೆಯೋದು ಸಾಕು. ಅಷ್ಟಕ್ಕೂ ನೌಕೆ ಅಲ್ಲಿಗೆ ತಲುಪೋಷ್ಟ್ರಲ್ಲಿ ನಾವ್ಯಾರೂ ಇರಲ್ಲ ಬಿಡಿ, ಯಾಕ್ ತಲೆಬಿಸಿ?"

"ನಾವಿರಲ್ಲ ಸರ್, ಬಟ್ಟಲು ಇರುತ್ತಲ್ಲ" ಎಂದೆ.

"ಸೆಂಟಿಮೆಂಟ್ ಬೇಡ. ರಿವ್ಯೂ ಕಮಿಟಿ ಬರ್ತಿದೆ. ಹೊರಗಿನವರಿಗೆ ನಾನಾಗ್ಲೇ ಬರೆದಿದ್ದೀನಿ, ಆಂಪ್ಲಿಫೈಯರ್ ಡಿಸೈನ್ ಫೇಲ್ ಅಂತ. ಆ ಹುಡುಗೀದು ಕಾಂಟ್ರಾಕ್ಟ್ ಈ ಸಲ ರಿನ್ಯೂ ಮಾಡೋದು ಕಷ್ಟ, ನೀವೇ ಮೆತ್ತಗೆ ಹೇಳಿ."

ಅಂಚನ್ನು ಅಳೆಯಲೆಂದೇ ಹುಟ್ಟಿದ ಬಟ್ಟಲು. ಅಂಚಿನ ರೇಂಜ್ ಕಿತ್ತುಹಾಕಿದರೆ ಅದನ್ನು ಅಷ್ಟು ದೂರ ಕಳಿಸುವುದಾದರೂ ಯಾಕೆ? ಅದಕ್ಕಿಂತ ಹೆಚ್ಚಾಗಿ, ಕಾರಣವನ್ನು ಹುಡುಕುವ ಮೊದಲೇ ಒಬ್ಬಳ ಹೆಸರಿಗೆ ಮಸಿ ಬಳಿದು ಹೊರದೇಶಕ್ಕೆ ಕಳಿಸಿಯಾಗಿತ್ತು. ಈ ಕೆಲಸ ಮಾಡುವವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ಒಮ್ಮೆ "ಅವಳ ಡಿಸೈನ್ ಫೇಲ್" ಎಂದು ಅವರ ಕಿವಿಗೆ ಬಿದ್ದರೆ ಅವಳಿಗೆ ಮತ್ತೆಲ್ಲೂ ಇಂಥ ಕೆಲಸ ಸಿಗುವುದಿಲ್ಲ. ನಾನು ಮೆತ್ತಗೂ ಹೇಳಲಿಲ್ಲ, ಗಟ್ಟಿಯಾಗಿಯೂ ಹೇಳಲಿಲ್ಲ. ಹೇಳುವುದಿಲ್ಲ ಎಂದು ಎದ್ದು ಬಂದೆ.

ಆಮೇಲಿನ ದಿನಗಳಲ್ಲಿ ನಾನು ಗೆರೆಯ ಮುಂದೆಯೇ ಕೂತೆ. ಹಿಂಗಾರಿನ ಮಳೆ ಹಿಡಿದಿತ್ತು. ವಿದ್ಯಾರಣ್ಯಪುರದಿಂದ ಬಸ್ಸಿನಲ್ಲಿ ಬಂದು, ಒದ್ದೆ ಕೊಡೆ ಮೂಲೆಗಿಟ್ಟು, ಉಪಕರಣ ಚಾಲೂ ಮಾಡಿದರೆ ಗೆರೆ ಎತ್ತರದಲ್ಲಿರುತ್ತಿತ್ತು. ಮಧ್ಯಾಹ್ನ ಬಿಸಿಲು ಬಂದರೆ ತಗ್ಗುತ್ತಿತ್ತು. ಮೋಡ ಕವಿದೇ ಇದ್ದ ದಿನ ಸಂಜೆಯವರೆಗೂ ತಗ್ಗುತ್ತಿರಲಿಲ್ಲ. ಬೆಸುಗೆ ಕೆಟ್ಟರೆ ಅದಕ್ಕೆ ಮಳೆ ಬಿಸಿಲು ಗೊತ್ತಾಗುವುದಿಲ್ಲ. ವಿನ್ಯಾಸ ತಪ್ಪಿದರೂ ಅಷ್ಟೇ. ಮಳೆಯನ್ನು ಗುರುತಿಸುವುದು ತೇವ ಹೀರುವ ಕೊಳೆ ಮಾತ್ರ.

ಪೆಟ್ಟಿಗೆ ನಿರ್ವಾತ ಕೋಣೆಯ ಹೊರಗೆ, ನಾವು ಉಸಿರಾಡುವ ಗಾಳಿಯಲ್ಲೇ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸುತ್ತ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ತುರುಕಿ ಕಾದೆ. ಊಟ ಮುಗಿಸಿ ಬರುವಷ್ಟರಲ್ಲಿ ಗೆರೆ ಸೊನ್ನೆಯ ಹತ್ತಿರ ಬಂದಿತ್ತು. ಚೀಲ ಬಿಚ್ಚಿದೆ, ಮೆಲ್ಲಗೆ ಏರತೊಡಗಿತು. ಗದಗಿನವಳನ್ನು ಕೂಗಿ ಕರೆದೆ. ಅವಳು ಕೈಗವಸು ಹಾಕಿಕೊಂಡು ಮುಚ್ಚಳದ ತಿರುಪು ಬಿಚ್ಚಿದಳು.

ಒಳಗೆ, ಏರಿಳಿಯುವ ವೋಲ್ಟೇಜಿನ ತಂತಿಗೂ ಅಳೆಯುವ ತಂತಿಗೂ ನಡುವೆ ಒಂದು ಬಿಳಿ ಟೆಫ್ಲಾನ್ ಬಿಲ್ಲೆ ಇರುತ್ತದೆ. ಒಂದರ ವಿದ್ಯುತ್ತು ಇನ್ನೊಂದಕ್ಕೆ ಸೋರದಂತೆ ತಡೆಯುವುದು ಅದರ ಕೆಲಸ. ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಬೆವರೇ ಸಾಕು, ಅಳತೆ ಕೆಡುತ್ತದೆ. ಅವಳು ದೀಪವನ್ನು ಓರೆಯಾಗಿ ಹಿಡಿದಳು. ಬಿಲ್ಲೆ ಬೆಳ್ಳಗಿರಲಿಲ್ಲ. ಮಧ್ಯದಿಂದ ಅಂಚಿನವರೆಗೆ ಒಂದೇ ಎಳೆತದಲ್ಲಿ ಒರೆಸಿದ ಹಾಗೆ ತೆಳುವಾದ ಕೆಂಪು ಪಟ್ಟೆ ಇತ್ತು.

"ಇದು ಕುಂಕುಮ ಅದರೀ ಮೇಡಂ!" ಎಂದಳು. ಮೂಗು ಹತ್ತಿರ ತಂದು, "ಗಂಧಾನೂ ಅದ" ಎಂದಳು.

ಆಯುಧಪೂಜೆ ನಮ್ಮಲ್ಲಿ ಪ್ರತಿ ವರ್ಷ ನಡೆಯುತ್ತದೆ. ನಿರ್ವಾತ ಪಂಪು, ಲೇಥು, ಜೀಪು, ಕಂಪ್ಯೂಟರು, ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿ, ಹೂವಿಟ್ಟು, ಅಂಗಳದಲ್ಲಿ ಬೂದುಗುಂಬಳ ಒಡೆಯುತ್ತೇವೆ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಾನೇ ಹೂವು ತರುವವಳು. ಕೆಲಸ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈಮುಗಿಯುವುದು ನನಗೆ ಇಷ್ಟ. ಆದರೆ ಸೂಕ್ಷ್ಮವಾದವುಗಳಿಗೆ ಹೊರಗಿನ ಕವಚಕ್ಕೆ ಮಾತ್ರ ಬೊಟ್ಟು ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಆ ದಿನ ನಾನು ಹೊರಗೆ ಜೀಪಿನ ಹತ್ತಿರ ಇದ್ದೆ. ಒಳಗೆ ತಟ್ಟೆ ಹಿಡಿದವನು ತಂತ್ರಜ್ಞ. ಅವನನ್ನು ಕರೆದು ಬಿಲ್ಲೆ ತೋರಿಸಿದೆ. ಅವನು ತಲೆ ತಗ್ಗಿಸಿದ.

"ನಾನಲ್ಲ ಮೇಡಂ. ಸಾಹೇಬ್ರೇ ಮುಚ್ಚಳ ತೆಗ್ಸಿದ್ದು. 'ಒರಗ್ಡೆ ಡಬ್ಬಕ್ಕೆ ಪೂಜೆ ಮಾಡಿದ್ರೆ ಏನ್ ಬಂತು, ಒಳಗಿರೋದಕ್ಕೇ ಇಡೋಣ, ಫೋಟೋ ಚೆನ್ನಾಗ್ ಬರುತ್ತೆ' ಅಂದ್ರು. ಅದ್ನ ಮುಟ್ಬಾರ್ದು ಸಾರ್ ಅಂತ ನಾನ್ ಏಳ್ದೆ. ಆಗ್ಲೇ ಇಟ್ಬಿಟ್ಟಿದ್ರು. ಆಮೇಲೆ ಅವ್ರೇ ಕರ್ಚೀಫಲ್ಲಿ ಒರ್ಸಿ, 'ಆಯ್ತಲ್ಲ, ಮುಚ್ಚು, ಯಾರಿಗೂ ಏಳ್ಬೇಡ' ಅಂದ್ರು."

"ಇಷ್ಟು ದಿನ ಯಾಕ್ರೀ ಸುಮ್ನಿದ್ರಿ?"

"ಒರ್ಸಿದ್ ಮೇಲೆ ಓಗಿರುತ್ತೆ ಅನ್ಕೊಂಡೆ ಮೇಡಂ. ಆಮೇಲೆ ಎದ್ರಿಕೆ ಆಯ್ತು."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ನೌಕರಿ ಕಳೆದುಕೊಳ್ಳುವ ಭಯ. ಮುಖ್ಯಸ್ಥರಿಗೆ ಯಾವ ಭಯ? ಒರೆಸಿದರೆ ಇನ್ನಷ್ಟು ಹರಡುತ್ತದೆ ಎಂದು ಈ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರು ಅವರೇ. ಬಾಗಿಲು ಮುಚ್ಚಿದರೂ ಗೆರೆ ಏರಿದ ದಿನ ಅವರಿಗೆ ತಮ್ಮ ಬೆರಳು ನೆನಪಾಗದೆ ಇರಲು ಸಾಧ್ಯವೇ ಇಲ್ಲ. ನೆನಪಾಗಿಯೂ "ಡಿಸೈನ್ ಫೇಲ್" ಎಂದು ಬರೆದರು. ಸಿಟ್ಟಿನಲ್ಲಿ ನೇರವಾಗಿ ಅವರ ಕೋಣೆಗೆ ಹೋದೆ.

ಅವರು ನಿರಾಕರಿಸಲಿಲ್ಲ. ಕುರ್ಚಿಗೆ ಒರಗಿ ಕೂತರು.

"ಸರಿ, ಸಿಕ್ತಲ್ಲ. ಆಲ್ಕೋಹಾಲ್ ಹಾಕಿ ತೊಳೆದ್ಬಿಡಿ. ಕಮಿಟಿ ಬಂದಾಗ ಕ್ಲೀನ್ ರಿಸಲ್ಟ್ ತೋರಿಸೋಣ. ಆಂಪ್ಲಿಫೈಯರ್ ರಿಪೇರಿ ಆಯ್ತು ಅಂತ ಹೇಳೋಣ."

"ರಿಪೇರಿ ಅಂದ್ರೆ ಅದು ಕೆಟ್ಟಿತ್ತು ಅಂತ ಆಗುತ್ತಲ್ಲ ಸರ್. ಅವಳ ಹೆಸರು?"

"ಅವಳಿಗೂ ಪ್ರಾಬ್ಲಂ ಇಲ್ಲ ಕಣ್ರೀ. ಹೇಗೋ ಸರಿಹೋಯ್ತಲ್ಲ. ದೇವರ ವಿಷಯ ಬೇರೆ, ಸುಮ್ನೆ ದೊಡ್ಡದು ಮಾಡ್ಬೇಡಿ."

ದೇವರನ್ನು ಯಾಕೆ ಎಳೆದು ತರುತ್ತೀರಿ ಎಂದು ಕೂಗಿದೆ. ದೇವರು ಕರ್ಚೀಫಿನಲ್ಲಿ ಒರೆಸಿ ಸುಳ್ಳು ಬರೆಯಲಿಲ್ಲ ಎಂದೂ ಹೇಳಿದೆ. ಹೊರಗೆ ಕಾರಿಡಾರಿನಲ್ಲಿ ಇದ್ದವರಿಗೆಲ್ಲ ಕೇಳಿಸಿತಂತೆ. ಕೇಳಿಸಲಿ.

ವಾಪಸು ಬಂದಾಗ ಗದಗಿನವಳು ಹತ್ತಿ, ಆಲ್ಕೋಹಾಲ್ ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದಳು. ತೊಳೆದರೆ ಸಾಕ್ಷಿಯೂ ಹೋಗುತ್ತಿತ್ತು. ತೊಳೆದ ಮೇಲೆ ನಾವು ಏನು ಹೇಳಿದರೂ ಅದು ಬರಿಯ ಕತೆ, ಅವರು "ರಿಪೇರಿ" ಎಂದದ್ದೇ ನಿಲ್ಲುತ್ತಿತ್ತು. ತೊಳೆಯದೆ ಇಟ್ಟರೆ ಸಮಿತಿಯ ಎದುರು ನಮ್ಮ ಉಪಕರಣವೇ ಕೆಟ್ಟದ್ದಾಗಿ ಕಾಣುತ್ತದೆ, ಪರೀಕ್ಷೆ ಎಲ್ಲಾದರೂ ಎಡವಿದರೆ ಅಂಚಿನ ರೇಂಜ್ ಅಲ್ಲೇ ಸಾಯುತ್ತದೆ. ನಾನು ಹತ್ತಿಯನ್ನು ಅವಳ ಕೈಯಿಂದ ತೆಗೆದುಕೊಂಡೆ.

"ತೊಳೀಬೇಡ ಕಣೇ. ಹಾಗೇ ಮುಚ್ಚು. ಅವರೆಲ್ಲರ ಮುಂದೆ ತೊಳೆಯೋಣ."

"ಮೇಡಂ, ಮಳಿ ಬಂದು ಗೆರಿ ಭಾಳ ಏರಿದ್ರ?"

"ಏರಲಿ. ಏರಿದಷ್ಟೂ ಒಳ್ಳೇದೇ."

ಸಮಿತಿಯವರು ಬಂದ ದಿನ ಬೆಳಗ್ಗೆಯಿಂದ ಮಳೆ ಹಿಡಿದಿತ್ತು. ಹೊರಗಿನ ಸಂಸ್ಥೆಗಳ ಕೆಲವರು, ಅಧ್ಯಕ್ಷತೆಗೆ ಒಬ್ಬ ನಿವೃತ್ತ ವಿಜ್ಞಾನಿ, ಗೋಡೆಯ ಪರದೆಯಲ್ಲಿ ಹೊರದೇಶದವರು. ನಾವು ಬಿಲ್ಲೆ ತೊಳೆದಿಲ್ಲವೆಂದು ಮುಖ್ಯಸ್ಥರಿಗೆ ಗೊತ್ತಾಗಿತ್ತು. ರಿಪೇರಿಯ ಮಾತು ಬಿಟ್ಟು, ಚಿತ್ರಗಳನ್ನು ತೋರಿಸಿ, ಆಂಪ್ಲಿಫೈಯರಿನ ತೊಂದರೆಯಿಂದಾಗಿ ಅಂಚಿನ ರೇಂಜ್ ಕೈಬಿಡುವುದು ಲೇಸು ಎಂದರು. ನಾನು ಎದ್ದು ನಿಂತು, ಪರೀಕ್ಷೆ ಇಲ್ಲೇ ಮಾಡಿ ತೋರಿಸುತ್ತೇವೆ, ನೀವೇ ತೀರ್ಮಾನಿಸಿ ಎಂದೆ. ಮುಖ್ಯಸ್ಥರು ನನ್ನತ್ತ ನೋಡಿದ ನೋಟ ಇವತ್ತಿಗೂ ನೆನಪಿದೆ. ಅಧ್ಯಕ್ಷರು ಮಾಡಿ ಎಂದರು.

ಬಾಯಿ ಮುಚ್ಚಿದ ಬಟ್ಟಲು. ಗೆರೆ ಏರಿತು. ಪರದೆಯಲ್ಲಿದ್ದವರು ತಲೆಯಾಡಿಸಿದರು, ಅವರಿಗೆ ಮೊದಲೇ ಹೇಳಿದ್ದು ಇದನ್ನೇ. ವೋಲ್ಟೇಜ್ ಇಳಿಸಿ ಪೆಟ್ಟಿಗೆಯ ಮುಚ್ಚಳ ತೆಗೆಸಿ, ಬಿಲ್ಲೆಯ ಮೇಲೆ ಬಾಯಗಲಿಸಿ ಒಂದು ಸಲ ಉಸಿರು ಬಿಟ್ಟೆ. ಮತ್ತೆ ಚಾಲೂ ಮಾಡಿದಾಗ ಗೆರೆ ಪರದೆಯ ನೆತ್ತಿಗೆ ಹಾರಿತು. ಅಧ್ಯಕ್ಷರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಆಮೇಲೆ ಗದಗಿನವಳು ಬಂದಳು. ಹತ್ತಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಬಿಲ್ಲೆಯ ಮೇಲೆ ಎಳೆದಳು. ಹತ್ತಿ ಕೆಂಪಾಯಿತು. ಇನ್ನೊಂದು ತೆಗೆದುಕೊಂಡಳು, ಅದು ತಿಳಿಗೆಂಪಾಯಿತು. ಹತ್ತಿ ಬೆಳ್ಳಗೆ ಉಳಿಯುವವರೆಗೂ ಅವಸರವಿಲ್ಲದೆ ಒರೆಸಿದಳು. ಒಣಗಿಸಿ, ಮುಚ್ಚಿ, ಚಾಲೂ ಮಾಡಿದಳು. ಹೊರಗೆ ಮಳೆ ಹಾಗೆಯೇ ಸುರಿಯುತ್ತಿತ್ತು. ಗೆರೆ ಸೊನ್ನೆಗೆ ಬಂದು ಮಲಗಿತು.

ಆಮೇಲೆ ಅಂಚಿನಲ್ಲಿ ಸಿಗುವಷ್ಟೇ ತೆಳುವಾದ ಕಣಗಳ ಧಾರೆಯನ್ನು ಬಿಟ್ಟು, ಬಟ್ಟಲಿನ ಬಾಯಿ ತೆರೆದೆವು. ಸೊನ್ನೆಯಿಂದ ಒಂದು ಪುಟ್ಟ ಗುಡ್ಡ ಎದ್ದಿತು, ಇರಬೇಕಾದ ಜಾಗದಲ್ಲಿ, ಇರಬೇಕಾದಷ್ಟೇ.

"ಇದೇನು ಕೆಂಪು?" ಎಂದು ಅಧ್ಯಕ್ಷರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥರು ನಕ್ಕರು. "ಕುಂಕುಮ ಸರ್. ಆಯುಧಪೂಜೆ ದಿನ ನಮ್ ಸ್ಟಾಫ್‌ನಲ್ಲಿ ಯಾರೋ ಭಕ್ತಿಯಿಂದ ಹಚ್ಚಿಬಿಟ್ಟಿದ್ದಾರೆ. ಏನ್ ಮಾಡೋದು, ನಮ್ ಜನ!" ಎಲ್ಲರೂ ನಕ್ಕರು. ಪರದೆಯಲ್ಲಿದ್ದವರಿಗೂ ಇಂಗ್ಲಿಷಿನಲ್ಲಿ ವಿವರಿಸಿದರು, ಅವರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ತಂತ್ರಜ್ಞ ಮಾತ್ರ ನಗಲಿಲ್ಲ. "ಯಾರೋ" ಎಂದರೆ ನಾಳೆ ಯಾರ ತಲೆಗೆ ಕಟ್ಟುತ್ತಾರೆ ಎಂದು ಅವನಿಗೆ ಗೊತ್ತಿತ್ತು.

"ಯಾರೋ ಅಲ್ಲ ಸರ್" ಎಂದೆ. "ನೀವೇ ಮುಚ್ಚಳ ತೆಗೆಸಿದ್ದು, ನೀವೇ ಹಚ್ಚಿದ್ದು, ನೀವೇ ಒರೆಸಿದ್ದು. ಅದು ಗೊತ್ತಿದ್ದೂ ಈ ಹುಡುಗಿ ಡಿಸೈನ್ ಫೇಲ್ ಅಂತ ಬರೆದಿದ್ದೂ ನೀವೇ." ಪರದೆಯವರಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವರ ನಗು ನಿಂತಿತು. ಮುಖ್ಯಸ್ಥರು ನೀರಿನ ಲೋಟ ಎತ್ತಿ ಕುಡಿದು ಕೆಳಗಿಟ್ಟರು.

ಅಂಚಿನ ರೇಂಜ್ ಉಳಿಯಿತು. ಆಂಪ್ಲಿಫೈಯರಿನಲ್ಲಿ ದೋಷವಿಲ್ಲ ಎಂದು ಅಧ್ಯಕ್ಷರು ಅಲ್ಲೇ ಹೇಳಿ, ಅದನ್ನು ಮಾಡಿದವರು ಯಾರು ಎಂದು ಕೇಳಿ ಅವಳ ಹೆಸರನ್ನು ಹೇಳಿಸಿಕೊಂಡರು. ಗುತ್ತಿಗೆಯೂ ನವೀಕರಣವಾಯಿತು. ಇದನ್ನು ಗೆಲುವು ಎಂದು ಕೆಲವರು ನನ್ನ ಬೆನ್ನು ತಟ್ಟಿದರು. ಮುಖ್ಯಸ್ಥರು ಮುಖ್ಯಸ್ಥರಾಗಿಯೇ ಉಳಿದರು. ಅವಳನ್ನು ಕರೆದು ಒಂದು ಮಾತು, ತಪ್ಪಾಯಿತು ಎಂಬ ಒಂದೇ ಮಾತು, ಹೇಳಲಿಲ್ಲ. ನನ್ನನ್ನು ಸಭೆಗಳಿಗೆ ಕರೆಯುವುದು ನಿಂತಿತು. ಕೆಲವು ತಿಂಗಳ ಮೇಲೆ ಯಲಹಂಕದ ಒಂದು ಕಾಲೇಜಿನಲ್ಲಿ ಅವರು ಉಪನ್ಯಾಸ ಕೊಟ್ಟರು. ಒಂದು ಚಿಟಿಕೆ ಕುಂಕುಮದ ಸುಳಿವನ್ನು "ನಾವು" ಹೇಗೆ ಪತ್ತೆ ಹಚ್ಚಿದೆವು ಎಂದು ಮಕ್ಕಳಿಗೆ ರಸವತ್ತಾಗಿ ವಿವರಿಸಿದರಂತೆ. ಕೇಳಿ ಬಂದವರು ನನಗೇ ಆ ಕತೆಯನ್ನು ಮೆಚ್ಚಿ ಹೇಳಿದರು.

ಮತ್ತೆ ಆಯುಧಪೂಜೆ ಬಂತು. ಈ ಸಲ ಗದಗಿನವಳು ಊರಿಗೆ ಹೋಗಲಿಲ್ಲ. ಯಾಕೆ ಎಂದರೆ, "ಕೆಲಸ ಅದರೀ" ಎಂದಷ್ಟೇ ಹೇಳಿದಳು. ಬೆಳಗ್ಗೆ ಬಂದವಳೇ ತಾನು ಕಟ್ಟಿದ್ದ ಹೊಸ ಆಂಪ್ಲಿಫೈಯರ್ ಪೆಟ್ಟಿಗೆಯ ಮುಂದೆ ರಂಗೋಲಿ ಇಟ್ಟು, ಬಿಗಿದ ಮುಚ್ಚಳದ ಮೇಲೆ ಒಂದು ಸೇವಂತಿಗೆ ಇಟ್ಟು, ಪಕ್ಕದಲ್ಲಿ ನಿಂತಳು. ಮಂಗಳಾರತಿ ತಟ್ಟೆ ಒಂದೊಂದೇ ಯಂತ್ರ ದಾಟಿ ಬಂತು. ಮುಂದೆ ಮುಖ್ಯಸ್ಥರು, ಹಿಂದೆ ತಟ್ಟೆ ಹಿಡಿದ ತಂತ್ರಜ್ಞ, ಅವನ ಹಿಂದೆ ಫೋನು ಎತ್ತಿ ಹಿಡಿದವರು. ಪೆಟ್ಟಿಗೆಯ ಹತ್ತಿರ ಬಂದಾಗ ಮುಖ್ಯಸ್ಥರು ಬೆರಳನ್ನು ಗಂಧದಲ್ಲಿ ಅದ್ದಿ, ಕುಂಕುಮಕ್ಕೆ ಒತ್ತಿ, ಕೈ ಮುಂದೆ ಮಾಡಿದರು.

ಅವಳು ಪೆಟ್ಟಿಗೆಗೆ ಅಡ್ಡ ಬಂದು ನಿಂತಳು. ದನಿ ಏರಿಸಲಿಲ್ಲ.

"ಮದ್ಲ ಕೈ ತೊಳ್ಕೊಂಡು ಬರ್ರಿ ಸರ್."

ಫೋನುಗಳು ಕೆಳಗಿಳಿದವು. ತಂತ್ರಜ್ಞ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ. ಮುಖ್ಯಸ್ಥರು ನನ್ನ ಮುಖ ನೋಡಿದರು, ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಕೆಂಪು ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಅದನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದರು. ಆಮೇಲೆ ತಿರುಗಿ ಕಾರಿಡಾರಿನ ಕೊನೆಯ ಬೇಸಿನ್ನಿನ ಕಡೆ ನಡೆದರು. ನಲ್ಲಿ ತಿರುಗಿಸಿದ ಸದ್ದು ನಮಗೆಲ್ಲ ಕೇಳಿಸಿತು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು, ಅವರು ಬರುವವರೆಗೂ ನಾವೆಲ್ಲ ಕಾದೆವು.